ಸಾರಿನ ಸ್ಪರ್ಧೆಯಲ್ಲೊಂದು ಬ್ರಾಕೆಟ್ಟು

ಮಹಾಪೆಯ ಆಫೀಸಿನಲ್ಲಿ ಹದಿನೆಂಟು ವರ್ಷ ಎಕ್ಸೆಲ್ ಶೀಟು ತುಂಬಿಸಿದವನಿಗೆ ಒಂದು ಬಗೆಯ ಗತ್ತು ಬಂದುಬಿಡುತ್ತದೆ. ನನಗೂ ಬಂದಿತ್ತು. ಡೊಂಬಿವಲಿಯ ನಮ್ಮ ಕನ್ನಡ ಬಳಗದವರು, ಸಾರಿನ ಸ್ಪರ್ಧೆಗೆ ಅಂಕ ಕೂಡಿಸುವವರು ಯಾರು ಎಂದು ಕೇಳಿ ಮುಗಿಸುವ ಮೊದಲೇ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದೆ.

ತೀರ್ಪುಗಾರರು ಮೂವರು. ಇಬ್ಬರು, ಬಳಗದ ಅಧ್ಯಕ್ಷರ ಮನೆಯಲ್ಲಿ ವಾರಕ್ಕೊಮ್ಮೆ ಉಣ್ಣುವವರು. ಮೂರನೆಯವರು ಕಲ್ಯಾಣದ ಹೋಟೆಲಿನಲ್ಲಿ ನಲವತ್ತು ವರ್ಷ ಸಾರು ಕುದಿಸಿದ ರಾಘವ ಭಟ್ಟರು. ಸರಾಸರಿಗಾಗಿ ಮೂವರ ಅಂಕ ಕೂಡಿಸಿ ಮೂರರಿಂದ ಭಾಗಿಸುವ ಸೂತ್ರ ಬರೆದೆ. ಕೂಡಿಸುವ ಭಾಗಕ್ಕೆ ಬ್ರಾಕೆಟ್ ಹಾಕಲು ಮರೆತೆ. ಬ್ರಾಕೆಟ್ ಇಲ್ಲದಿದ್ದರೆ ಭಾಗಾಕಾರ ಮೊದಲು, ಕೂಡುವುದು ಆಮೇಲೆ. ಶಾಲೆಯಲ್ಲಿ ಬೆತ್ತದೇಟು ತಿಂದು ಕಲಿತ ಪಾಠ. ಕಂಪ್ಯೂಟರು ಕೊನೆಯಲ್ಲಿದ್ದ ಭಟ್ಟರ ಅಂಕವನ್ನಷ್ಟೇ ಮೂರು ಪಾಲು ಮಾಡಿ, ಉಳಿದಿಬ್ಬರದನ್ನು ಇಡಿಯಾಗಿ ಸೇರಿಸಿತು.

"ಹತ್ತರಲ್ಲಿ ಹತ್ತೊಂಬತ್ತು ಪಡೆದು ಪ್ರಥಮ, ವಾಸಂತಿಯಮ್ಮ!" ಎಂದು ಮೈಕಿನಲ್ಲಿ ಘೋಷಿಸಿದೆ. ವಾಸಂತಿಯಮ್ಮ ಅಧ್ಯಕ್ಷರ ಹೆಂಡತಿ. ಬ್ಯಾಂಕಿನವರು, ಇಂಜಿನಿಯರುಗಳು, ಗಣಿತದ ಮೇಷ್ಟ್ರು ಎಲ್ಲರೂ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದರು.

ಬದಲಾಪುರದಿಂದ ಸಾರಿನ ಡಬ್ಬಿ ಹಿಡಿದು ಬಂದಿದ್ದ ಶಾಂತಕ್ಕ ಮಾತ್ರ ನನ್ನ ಬಳಿ ಬಂದರು. "ಅಲ್ಲ ಮಾರಾಯ್ರೆ, ಹತ್ತರಲ್ಲಿ ಹತ್ತೊಂಬತ್ತು ಹೇಗೆ ಬರ್ತದೆ?"

ಬೆವರುತ್ತ ಬ್ರಾಕೆಟ್ ಹಾಕಿದೆ. ವಾಸಂತಿಯಮ್ಮ ಏಳಕ್ಕಿಳಿದರು, ಶಾಂತಕ್ಕ ಏಳೂವರೆ ದಾಟಿ ಮೊದಲಿಗರಾದರು. ಭಟ್ಟರು ವಾಸಂತಿಯಮ್ಮನಿಗೆ ಮೂರು, ಶಾಂತಕ್ಕನಿಗೆ ಒಂಬತ್ತು ಕೊಟ್ಟಿದ್ದರು.

"ಟೆಕ್ನಿಕಲ್ ವಿಷಯ, ಬಿಟ್ಟುಬಿಡಿ. ಫೋಟೋ ಸಹ ಆಗಿಹೋಯ್ತು," ಎಂದರು ಅಧ್ಯಕ್ಷರು. ನಿಜ ಹೇಳುತ್ತೇನೆ, ಬಿಟ್ಟುಬಿಡಲು ನನಗೂ ಆಸೆಯಿತ್ತು.

ಶಾಂತಕ್ಕ ಬಿಡಲಿಲ್ಲ. "ಬಹುಮಾನದ ಮಿಕ್ಸಿ ಅವರೇ ಇಟ್ಕೊಳ್ಳಲಿ. ಅದನ್ನು ಹೊತ್ಕೊಂಡು ಲೋಕಲ್ ಟ್ರೇನು ಹತ್ತುವವರು ಯಾರು? ನನ್ನ ಹೆಸರು ಮೈಕಲ್ಲಿ ಹೇಳಿ, ಸಾಕು."

ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಭಟ್ಟರೊಬ್ಬರೇ ಎದ್ದುನಿಂತು ಚಪ್ಪಾಳೆ ತಟ್ಟಿದರು. ವಾಸಂತಿಯಮ್ಮ ಸಿಟ್ಟಾಗುತ್ತಾರೆಂದುಕೊಂಡಿದ್ದೆ, ಅವರು ಶಾಂತಕ್ಕನ ಡಬ್ಬಿಯ ತಳದ ಸಾರನ್ನು ಅಂಗೈಗೆ ಸುರಿದು ಹೀರಿ, "ಕೊತ್ತಂಬರಿ ತುಪ್ಪದಲ್ಲಿ ಹುರಿದದ್ದಾ?" ಎಂದು ಕೇಳಿದರು.

ಮುಂದಿನ ಸಭೆಯಲ್ಲಿ ಸಮಿತಿ ಒಮ್ಮತದಿಂದ ದೋಷ ಪರಿಹರಿಸಿತು: ಬರುವ ವರ್ಷದಿಂದ ತೀರ್ಪುಗಾರರು ಇಬ್ಬರೇ, ಭಟ್ಟರಿಗೆ ಬೀಳ್ಕೊಡುಗೆ ಸನ್ಮಾನ. ಎಲ್ಲರನ್ನೂ ಸಮನಾಗಿ ಎಣಿಸು ಎಂದು ಯಂತ್ರಕ್ಕೆ ಹೇಳಿದರೆ ಅದು ಎಣಿಸುತ್ತದೆ. ನಮಗೆ ಹೇಳಿದರೆ ಶಾಲು ತರುತ್ತೇವೆ.