ನೊರೆ ನಿಂತಿತು ಎಂದೆ

ನಾನು ಓದಿದ್ದು ಎಂಟನೆಯವರೆಗೆ. ಆಮೇಲೆ ಭಾರತೀನಗರದ ಹತ್ತಿರ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ನೊರೆ ನೋಡಿ, ಪಾಕ ಯಾವಾಗ ಇಳಿಸಬೇಕೆಂದು ಹೇಳುವವನು ನಾನೇ. ಅಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ನನ್ನ ಈ ಕಣ್ಣಿನ ಮೇಲೆ ಹತ್ತನೇ ತರಗತಿಯಲ್ಲಿದ್ದ ತಂಗಿಗೆ ಬಹಳ ನಂಬಿಕೆ. ಕಣ್ಣಿನಲ್ಲಿ ದೋಷವಿರಲಿಲ್ಲ.

ಅವಳ ಶಾಲೆಯಿಂದ ಒಬ್ಬರನ್ನು ಮಂಡ್ಯದ ವಿಜ್ಞಾನ ಪ್ರದರ್ಶನಕ್ಕೆ ಕಳಿಸುವವರಿದ್ದರು. ತಾನೇ ಹೋಗಬೇಕೆಂದು ಹಟ ಹಿಡಿದಿದ್ದಳು. ಅಡುಗೆ ಸೋಡಾಕ್ಕೆ ನಿಂಬೆರಸ ಹಾಕಿದರೆ ನೊರೆ ಬರುತ್ತದೆ. ಬಿಸಿನೀರಾದರೆ ಬೇಗ ಮುಗಿಯುತ್ತದೆ, ತಣ್ಣೀರಾದರೆ ನಿಧಾನ. ಎಷ್ಟು ನಿಧಾನ ಎಂದು ಅಳೆದು ತೋರಿಸುವುದೇ ಅವಳ ಪ್ರಯೋಗ. ಅವಳು ಮೊಬೈಲಿನಲ್ಲಿ ಸಮಯ ನೋಡಬೇಕು, ನಾನು ಲೋಟ ನೋಡುತ್ತಾ ಗುಳ್ಳೆ ಪೂರ್ತಿ ನಿಂತಾಗ ಹೇಳಬೇಕು.

ಬಿಸಿನೀರಿನದನ್ನೂ ನಲ್ಲಿ ನೀರಿನದನ್ನೂ ಸರಿಯಾಗಿಯೇ ಹೇಳಿದೆ. ಫ್ರಿಜ್ ನೀರಿನದು ಬೇಗ ಮುಗಿಯುವಂತೆ ಕಾಣಲಿಲ್ಲ. ಹೊರಗೆ ಗೆಳೆಯ ಬೈಕಿನ ಹಾರನ್ ಒತ್ತುತ್ತಿದ್ದ. ಮದ್ದೂರಿಗೆ ಬಿರಿಯಾನಿ ತಿನ್ನಲು ಹೊರಟಿದ್ದೆವು. ಲೋಟದ ತಳದಿಂದ ಗುಳ್ಳೆಗಳು ಇನ್ನೂ ಏಳುತ್ತಿದ್ದವು. ನಿಂತಿತು ಎಂದೆ.

"ನಲ್ಲಿ ನೀರಿಗಿಂತ ತಣ್ಣೀರೇ ಬೇಗ ಮುಗೀತಲ್ಲಣ್ಣ?" ಎಂದಳು.

"ನೊರೆ ನೋಡೋದು ನಂಗೆ ಯೇಳ್ಕೊಡ್ತೀಯೇನವ್ವ?"

ಬರೆದುಕೊಂಡಳು. ಬಿರಿಯಾನಿ ಚೆನ್ನಾಗಿತ್ತು.

ಶಾಲೆಯಲ್ಲಿ ಮೇಷ್ಟ್ರು ಲೆಕ್ಕ ನೋಡಿ, ಇದು ಎಲ್ಲೂ ಆಗದ ಸಂಗತಿ ಎಂದರಂತೆ. ಇವಳು ಒಪ್ಪಲಿಲ್ಲ. "ನಮ್ಮಣ್ಣ ನೋಡವ್ನೆ ಅಂದ್ರೆ ತಪ್ಪಿರಕಿಲ್ಲ ಸಾ. ಬೇಕಾರೆ ಆಲೆಮನೇಲಿ ಕೇಳಿ" ಎಂದು ಎಲ್ಲರ ಮುಂದೆ ಹೇಳಿದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಮಂಡ್ಯಕ್ಕೆ ಬೇರೆ ಹುಡುಗಿ ಹೋದಳು.

ಇದನ್ನೆಲ್ಲ ಅವಳೇ ಬಂದು ಹೇಳಿದಳು. ಅಳಲಿಲ್ಲ. ಜಗಲಿಯಲ್ಲಿ ಕೂತು ಸೋಡಾ-ನಿಂಬೆರಸದ ಸಮೀಕರಣವನ್ನು ಮತ್ತೆ ಮತ್ತೆ ಬರೆದಳು. ಎಡಗಡೆ ಇರುವುದೆಲ್ಲ ಬಲಗಡೆಯೂ ಇರಬೇಕು, ಏನೂ ಮಾಯವಾಗುವ ಹಾಗಿಲ್ಲ ಎಂದು ನನಗೆ ಹಿಂದೆಯೇ ವಿವರಿಸಿದ್ದಳು. ಎರಡೂ ಕಡೆ ಸರಿಯಾಗಿಯೇ ಇತ್ತು. ಕೊನೆಗೆ ತಾನೇ ಒಂದು ತಪ್ಪು ಹುಡುಕಿಕೊಂಡಳು.

"ಆ ಲೋಟಕ್ಕೆ ಸೋಡಾ ನಾನೇ ಕಮ್ಮಿ ಆಕ್ಬುಟ್ಟೆ ಅನ್ಸುತ್ತೆ ಕಣಣ್ಣ."

ಹೇಳಲು ಅದೇ ಸಮಯವಾಗಿತ್ತು. ನಾನು ಹೇಳಿದ್ದು ಇಷ್ಟು: "ಇರ್ಬೋದು ಕಣವ್ವ. ಇನ್ಮೇಲೆ ಉಸಾರಾಗಿ ಆಕು."

ಹುಷಾರಾಗಿಯೇ ಹಾಕುತ್ತಾಳೆ. ಈಗ ಪಿಯುಸಿಯಲ್ಲಿದ್ದಾಳೆ, ವಿಜ್ಞಾನ ತೆಗೆದುಕೊಳ್ಳಲಿಲ್ಲ. ತನ್ನದು ಅಳತೆ ಬಾರದ ಕೈ ಎನ್ನುತ್ತಾಳೆ. ಬೋಂಡದ ಹಿಟ್ಟಿಗೆ ಸೋಡಾ ಹಾಕುವಾಗಲೂ ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ಮಟ್ಟ ಮಾಡುತ್ತಾಳೆ, ಅನುಮಾನ ಬಂದು ಡಬ್ಬಿಗೆ ಸುರಿದು ಮತ್ತೆ ತುಂಬುತ್ತಾಳೆ. ಎಣ್ಣೆ ಕಾದು ಹೊಗೆಯೇಳುತ್ತಿದೆ ಎಂದು ಅವ್ವ ಬೈಯುತ್ತಾಳೆ. ನಾನು ಪಕ್ಕದಲ್ಲೇ ತಟ್ಟೆ ಹಿಡಿದು ಕೂತಿರುತ್ತೇನೆ.