ಸತ್ತ ಅಜ್ಜಿಗೆ ಅಜೀರ್ಣದ ಔಷಧಿ

ಸತ್ತವರಿಗೆ ಇಟ್ಟ ಎಡೆಗೆ ಕೈಹಾಕಿ ವಡೆಗಳನ್ನೆಲ್ಲ ತಿಂದವನು ನಮ್ಮ ಯಳಂದೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ತಿಂದದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪಕ್ಕದಲ್ಲಿಟ್ಟಿದ್ದ ಅಜ್ಜಿಯ ಔಷಧಿಯನ್ನೂ ಕುಡಿದುಬಿಟ್ಟೆ.

ಅದು ಕೊಳ್ಳೇಗಾಲದ ಅಂಗಡಿಯಿಂದ ತರಿಸುತ್ತಿದ್ದ ಕಂದು ಸೀಸೆ. ಅಜೀರ್ಣ, ವಾಯು, ತಲೆಸುತ್ತು, ಎದೆಯುರಿ ಎಲ್ಲಕ್ಕೂ ಇದೊಂದೇ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ಮೇಲೊಬ್ಬ ಗಿರಿಜಾ ಮೀಸೆಯವನ ಚಿತ್ರ. ಓಮದ ವಾಸನೆ, ಬೇವಿನ ಕಹಿ. ಊಟವಾದ ಮೇಲೆ, ಕೂಸಿಗೆ ಹಾಲು ಕುಡಿಸುವ ಒಳಲೆಯ ತುಂಬ ಇದನ್ನು ಕುಡಿಯದೆ ಅಜ್ಜಿ ಮಲಗುತ್ತಿರಲಿಲ್ಲ. ಕಡೆಯ ದಿನ ಇನ್ನೊಂದು ಒಳಲೆ ಕೇಳಿದಳು.

"ಈಗ್ತಾನೆ ಕುಡ್ದಿದೀಯ, ಸುಮ್ಕೆ ಓಗಿ ಮನಿಕೊ ಅತ್ತೆ," ಎಂದು ಅವ್ವ ಗದರಿದಳು.

ಬೆಳಗ್ಗೆ ಅಜ್ಜಿ ಏಳಲಿಲ್ಲ. ಅಂದಿನಿಂದ ಅವ್ವನ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಎಡೆ ಇಟ್ಟು ಬಾಗಿಲು ಮುಚ್ಚಿದರೆ ಹೋದವರು ಬಂದು ಮುಟ್ಟುತ್ತಾರೆಂಬುದು ನಮ್ಮ ಕಡೆಯ ನಂಬಿಕೆ. ತಿಥಿಯ ದಿನ ಅವ್ವ ಬಾಳೆಲೆಯ ಪಕ್ಕ ಹೊಸ ಸೀಸೆಯನ್ನೇ ಮುಚ್ಚಳ ತೆಗೆದು ಇಟ್ಟಳು. ಮತ್ತೆ ಬಾಗಿಲು ತೆಗೆಯುವವರೆಗೆ ಯಾರೂ ಉಣ್ಣುವಂತಿಲ್ಲ. ನಾನು ಹಸಿವು ತಾಳದೆ ಹಿತ್ತಿಲ ಮುರುಕು ಕಿಟಕಿಯಿಂದ ಒಳಗೆ ನುಸುಳಿದೆ. ವಾಪಸು ಹೊರಡುವಾಗ ಹೊಟ್ಟೆ ಕಿಟಕಿಯಲ್ಲಿ ತೂರಲಿಲ್ಲ. ಔಷಧಿಗೆ ಕೈಹಾಕಿದ್ದು ಅದಕ್ಕೇ. ಅರ್ಧ ಸೀಸೆ ಇಳಿದ ಮೇಲೆ ಮನೆ ನಡುಗುವಂಥ ತೇಗೊಂದು ಬಂದು, ಹೇಗೋ ಹೊರಗೆ ಬಿದ್ದೆ.

ಬಾಗಿಲು ತೆಗೆದ ಅವ್ವ ಸೀಸೆ ನೋಡಿದಳು.

"ಕುಡ್ದವ್ಳೆ! ಅತ್ತೆ ಕುಡ್ದವ್ಳೆ!" ಎಂದು ಗೋಡೆಗೊರಗಿ ಅತ್ತಳು.

"ವಡೇನೂ ತಿಂದವ್ಳೆ ನೋಡವ್ವ, ಹಲ್ಲಿಲ್ದೋಳು!" ಎಂದಳು ಪಕ್ಕದ ಮನೆಯ ದೊಡ್ಡಮ್ಮ. "ತೇಗಿದ್ದೂ ಕೇಳುಸ್ತು. ಅವಳ್ದೇ ತೇಗು!"

ಅವ್ವ ಅಂದು ಉಂಡಳು. ಇನ್ನು ನಾನು ಬಾಯಿ ಬಿಡುವುದು ಹೇಗೆ?

ಅಲ್ಲಿಂದ ಅಮಾವಾಸ್ಯೆ ಬಂದರೆ ಸಂಜೆ ಅಜ್ಜಿಯ ಚಾಪೆ ಹಾಸಿ, ಒಳಲೆ ತುಂಬ ಔಷಧಿ ಇಟ್ಟು, ಅವ್ವ ಜಗುಲಿಯಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ಉಳಿದವರು ನಾವಿಬ್ಬರೇ. ಒಳಲೆ ಖಾಲಿಯಾಗದಿದ್ದರೆ ಮತ್ತೆ ಊಟ ಬಿಟ್ಟಾಳೆಂಬ ಭಯಕ್ಕೆ ನಾನೇ ದೆವ್ವದ ಕೆಲಸಕ್ಕೆ ಸೇರಿದೆ. ಸಂಬಳವಿಲ್ಲ, ರಜೆಯಿಲ್ಲ. ಅದೇ ಕಿಟಕಿಯಿಂದ ನುಸುಳಿ, ಮಂಡಿಯೂರಿ, ಮೂಗು ಹಿಡಿದು ಕುಡಿಯುತ್ತಿದ್ದೆ. ಬೆನ್ನ ಹಿಂದೆ ಯಾರೋ ತಮ್ಮ ಸರದಿಗೆ ಕಾಯುತ್ತಿರುವಂತೆ ಅನ್ನಿಸಿ, ಅವಸರಕ್ಕೆ ಗದ್ದದ ಮೇಲೂ ಸುರಿದುಕೊಳ್ಳುತ್ತಿದ್ದೆ. ತಿರುಗಿ ನೋಡದೆ ಓಟ ಕೀಳುತ್ತಿದ್ದೆ.

ಒಂದು ಅಮಾವಾಸ್ಯೆ ರಾಮಾಪುರಕ್ಕೆ ಹೋಗಿದ್ದವನಿಗೆ ಕಡೆಯ ಬಸ್ಸು ತಪ್ಪಿತು. ಮರುದಿನ ಹನೂರು, ಕೊಳ್ಳೇಗಾಲ ದಾಟಿ ಊರು ಸೇರುವವರೆಗೂ ತುಂಬಿದ ಒಳಲೆಯೇ ಕಣ್ಣ ಮುಂದೆ. ಮನೆಯಲ್ಲಿ ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಒಳಲೆ ತೊಳೆದು ಬೋರಲು ಹಾಕಿತ್ತು.

"ಅಜ್ಜಿ ಬಂದಿತ್ತಾ ಅವ್ವಾ?" ಎಂದೆ.

ಅವ್ವ ತುತ್ತು ನುಂಗಿ ನನ್ನ ಮುಖ ನೋಡಿದಳು.

"ನೀ ಕುಡಿವಾಗೆಲ್ಲ ಚಾಪೆ ಮ್ಯಾಲೆ ಚೆಲ್ತಿದ್ದೆ ಕಣ್ಲಾ," ಎಂದಳು. "ನೆನ್ನೆ ಒಳಲೆ ಖಾಲಿ, ಒಂದು ತೊಟ್ಟೂ ಚೆಲ್ಲಿಲ್ಲ."