ಮೂಡಣ ಗೋಡೆಯ ನಾಲ್ಕು ಇಟ್ಟಿಗೆ

ಹಳೆಯ ಪ್ಯಾಕಿಂಗ್ ಶೆಡ್ಡಿನ ಮೂಡಣ ಗೋಡೆಯಲ್ಲಿ ತೂತು ಬಿದ್ದದ್ದು ಹೇಗೆ ಎಂಬ ಪ್ರಶ್ನೆಗೆ ಒಂದೇ ಮಧ್ಯಾಹ್ನ, ಒಂದೇ ಸಭೆಯಲ್ಲಿ ಎರಡು ಉತ್ತರಗಳು ಬಂದವು. ಎರಡನ್ನೂ ಬರೆದುಕೊಂಡವಳು ನಾನು. ಮೊದಲನೆಯದು ಸುಳ್ಳು ಎಂಬುದು ಅದನ್ನು ಬರೆಯುವಾಗಲೇ ನನಗೆ ಗೊತ್ತಿತ್ತು.

ಊರಿನ ಹೆಸರು ಬೇಡ. ಸ್ಯಾನ್ ಹೋಸೆಯಿಂದ ಮಾರ್ಗನ್ ಹಿಲ್ ಕಡೆಗೆ ಫ್ರೀವೇಯಲ್ಲಿ ಹೋಗುವವರು ಅದರ ಬೋರ್ಡು ನೋಡಿರುತ್ತಾರೆ. ಅಲ್ಲಿಯ ನಗರಸಭೆಯ ಸಮಿತಿಗಳ ನಡಾವಳಿ ಬರೆಯುವ ಅರೆಕಾಲಿಕ ಕೆಲಸ ನನ್ನದು. ಅದಕ್ಕೆ ಮೊದಲು ಮಂಗಳೂರಿನಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಅಲ್ಲಿ ಕಲಿತದ್ದೇ ಇಲ್ಲಿಯೂ ಉಪಯೋಗಕ್ಕೆ ಬಂತು: ಯಾರು ಹೇಳಿದರು, ಏನು ಹೇಳಿದರು, ಯಾವ ಕ್ರಮದಲ್ಲಿ ಹೇಳಿದರು. ಹೇಳಿದ್ದು ನಿಜವೇ ಎಂದು ನೋಡುವುದು ನಡಾವಳಿ ಬರೆಯುವವರ ಕೆಲಸವಲ್ಲ. ಸಭೆಯಲ್ಲಿ ನನ್ನ ಮೇಜು ಪಕ್ಕದ ಗೋಡೆಗೆ ತಾಗಿಕೊಂಡಿರುತ್ತದೆ. ಅದರ ಮೇಲೆ ಮೈಕು ಇರುವುದಿಲ್ಲ.

ಶೆಡ್ಡು ರೈಲುಹಳಿಯ ಪಕ್ಕದಲ್ಲಿದೆ. ಈ ಕಣಿವೆಯೆಲ್ಲ ಹಣ್ಣಿನ ತೋಟವಾಗಿದ್ದಾಗ ಅಲ್ಲಿ ಒಣಗಿಸಿದ ಏಪ್ರಿಕಾಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರಂತೆ. ತೋಟಗಳು ಹೋದ ಮೇಲೆ ಅದು ಟೈರು ಅಂಗಡಿಯಾಯಿತು, ಆಮೇಲೆ ಸೋಫಾಗಳ ಗೋಡೌನಾಯಿತು, ಕೊನೆಗೆ ಬೀಗ ಹಾಕಿಸಿಕೊಂಡು ನಿಂತಿತು. ನಗರಸಭೆ ಡೌನ್‌ಟೌನನ್ನು ಹೊಸದಾಗಿಸಲು ಹೊರಟಾಗ ಅದರ ಮೇಲೆ ಎರಡು ಅರ್ಜಿಗಳು ಬಂದವು. ಒಂದು ಬಿಲ್ಡರನದು: ಕೆಡವಿ ಐದು ಅಂತಸ್ತಿನ ಅಪಾರ್ಟ್‌ಮೆಂಟು ಕಟ್ಟುವುದು. ಇನ್ನೊಂದು ಉಡುಪಿ ಕಡೆಯ ಗಂಡ ಹೆಂಡತಿಯದು: ಕಟ್ಟಡವನ್ನು ಹಾಗೇ ಉಳಿಸಿಕೊಂಡು ಹಿಂಭಾಗದಲ್ಲಿ ದೋಸೆ ಹಿಟ್ಟು ರುಬ್ಬುವ ಯಂತ್ರಗಳನ್ನು ಕೂರಿಸಿ, ಮುಂಭಾಗದಲ್ಲಿ ಹೋಟೆಲು ನಡೆಸುವುದು.

ಅವರು ಸಾಂಟಾ ಕ್ಲಾರಾದಲ್ಲಿ ಬೇರೆಯವರ ಅಡುಗೆಮನೆಯೊಂದನ್ನು ಹಂಚಿಕೊಂಡು ಹಿಟ್ಟು ರುಬ್ಬಿ ಎಲ್ ಕಮೀನೊ ರಸ್ತೆಯ ಅಂಗಡಿಗಳಿಗೆ ಹಾಕುತ್ತಿದ್ದರು. ನಾನೂ ಅವರಿಂದಲೇ ಕೊಳ್ಳುತ್ತಿದ್ದೆ. ಆ ಅಡುಗೆಮನೆಯವರು ಬೇಸಿಗೆ ಮುಗಿಯುವುದರೊಳಗೆ ಖಾಲಿ ಮಾಡಿ ಎಂದಿದ್ದರು. ಬೇರೆ ಜಾಗ ಸಿಕ್ಕಿರಲಿಲ್ಲ. ಶೆಡ್ಡಿನ ಮಾಲೀಕ, ವಯಸ್ಸಾದ ಮನುಷ್ಯ, ತನ್ನ ಮಾತನ್ನು ನೇರವಾಗಿ ಹೇಳಿಬಿಟ್ಟಿದ್ದ: ಹಳೆಯ ಕಟ್ಟಡಗಳ ಸಮಿತಿ ಗೋಡೆ ಗಟ್ಟಿಯಿದೆ, ಉಳಿಸಬೇಕು ಎಂದರೆ ಶೆಡ್ಡು ಈ ಗಂಡ ಹೆಂಡತಿಗೆ, ಗೋಡೆ ದುರ್ಬಲ, ಕೆಡವಬಹುದು ಎಂದರೆ ಬಿಲ್ಡರನಿಗೆ. ಭೂಕಂಪದ ನಾಡಿನಲ್ಲಿ ಇಟ್ಟಿಗೆ ಗೋಡೆಯೆಂದರೆ ಎಲ್ಲರಿಗೂ ಅನುಮಾನ. ಎರಡೂ ಕಡೆಯ ಇಂಜಿನಿಯರುಗಳು ಒಂದೇ ಗೋಡೆಯ ಬಗ್ಗೆ ತದ್ವಿರುದ್ಧ ವರದಿ ಕೊಟ್ಟಿದ್ದರು.

ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು, ಅದೂ ತೆಂಕಣ ದಿಕ್ಕಿಗೆ. ಉಡುಪಿಯ ಅವರ ಜೋಯಿಸರು ನಕ್ಷೆ ನೋಡಿ, ಈ ಬಾಗಿಲಲ್ಲಿ ವ್ಯಾಪಾರ ನಿಲ್ಲುವುದಿಲ್ಲ, ಮೂಡಣಕ್ಕೆ ಒಂದು ಬಾಗಿಲು ಒಡೆಯಿರಿ ಎಂದರಂತೆ. ಒಳ್ಳೆಯ ಮುಹೂರ್ತ ಸಿಕ್ಕಿದ್ದು ಸಭೆಗೆ ಹತ್ತು ದಿನ ಮೊದಲು. ಅದು ತಪ್ಪಿದರೆ ಮುಂದಿನದು ಚಳಿಗಾಲಕ್ಕೆ. ನಮ್ಮ ಕಡೆ ಇದಕ್ಕೊಂದು ದಾರಿಯಿದೆ. ಮನೆಗೋ ಬಾವಿಗೋ ಅನುಕೂಲ ಕೂಡಿಬರದಿದ್ದರೆ ಶಾಸ್ತ್ರಕ್ಕೆ ನಾಲ್ಕು ಪೆಟ್ಟು ಹಾಕಿ ಮುಹೂರ್ತವನ್ನು ಹಿಡಿದಿಟ್ಟುಕೊಳ್ಳುವುದು, ಉಳಿದ ಕೆಲಸ ಆಮೇಲೆ. ಅವರೂ ಹಾಗೇ ಯೋಚಿಸಿದರು. ಶಾಸ್ತ್ರಕ್ಕೆ ನಾಲ್ಕು ಇಟ್ಟಿಗೆ ಈಗ, ಬಾಗಿಲು ಅನುಮತಿ ಬಂದ ಮೇಲೆ. ನಗರಸಭೆಯ ಪಟ್ಟಿಯಲ್ಲಿರುವ ಹಳೆಯ ಕಟ್ಟಡದಲ್ಲಿ ಒಂದು ಇಟ್ಟಿಗೆ ಅಲುಗಿಸಿದರೂ ಅದು ಅನುಮತಿಯಿಲ್ಲದ ಕಾಮಗಾರಿ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಅದು ಕಾಮಗಾರಿಯೇ ಅಲ್ಲ, ಪೂಜೆ.

ಸಣ್ಣ ಪೂಜೆ ಉಂಟು, ತಿಂಡಿಗೆ ಬನ್ನಿ ಎಂದು ಹೆಂಡತಿ ಕರೆದಳು. ಹಳೆಯ ಕಟ್ಟಡಗಳ ಸಮಿತಿಯ ನಡಾವಳಿಯನ್ನೂ ನಾನೇ ಬರೆಯುತ್ತಿದ್ದೆ, ಈ ಕಡತ ಅದರ ಮುಂದೆ ಬರುವುದು ನನಗೆ ಗೊತ್ತಿತ್ತು. ಹೋಗಬಾರದಿತ್ತು. ಪೂಜೆಗೂ ಕಡತಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೋದೆ. ಪತ್ರಿಕೆಯಲ್ಲಿದ್ದಾಗ ಬೇರೆಯವರು ಈ ಮಾತು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಅಳತೆ ತೆಗೆಯಲೆಂದು ಮಾಲೀಕ ಕೊಟ್ಟಿದ್ದ ಬೀಗದ ಕೈ ಅವರಲ್ಲಿತ್ತು. ಜೋಯಿಸರು ಫೋನಿನ ಪರದೆಯಲ್ಲಿದ್ದರು. ಮುಹೂರ್ತ ಒಂಬತ್ತು ನಲವತ್ತರವರೆಗೆ. ಗಂಡ ಉಳಿ ಸುತ್ತಿಗೆ ಹಿಡಿದು ಹೊಡೆಯತೊಡಗಿದ. ಐದು ನಿಮಿಷದ ಕೆಲಸ ಎಂದುಕೊಂಡಿದ್ದ. ಹತ್ತು ನಿಮಿಷವಾದರೂ ಒಂದು ಇಟ್ಟಿಗೆಯೂ ಕದಲಲಿಲ್ಲ. ಹೆಂಡತಿಯ ತಮ್ಮ ಕಾರಿನಿಂದ ಹಾರೆ ತಂದು ಕೈಹಾಕಿದ, ಹಾರೆ ಜಾರಿ ಅವನ ಬೆರಳಿನ ಚರ್ಮ ಕಿತ್ತುಹೋಯಿತು. ಇನ್ನು ಆರು ನಿಮಿಷ ಉಂಟು ಎಂದು ಜೋಯಿಸರು ಎಚ್ಚರಿಸಿದರು.

“ಭಟ್ರೆ, ಸ್ವಲ್ಪ ತಡೀರಿ,” ಎಂದ ಗಂಡ, ಬೆವರೊರೆಸಿಕೊಳ್ಳುತ್ತ.

“ಭಟ್ರು ತಡೀಬಹುದು ಭಾವ, ಸೂರ್ಯ ತಡೀಬೇಕಲ್ಲ,” ಎಂದ ಬೆರಳಿಗೆ ಕರವಸ್ತ್ರ ಸುತ್ತಿಕೊಂಡಿದ್ದ ತಮ್ಮ.

ನಾಲ್ಕನೆಯ ಇಟ್ಟಿಗೆ ಹೊರಬಂದಾಗ ನನ್ನ ಗಡಿಯಾರದಲ್ಲಿ ಒಂಬತ್ತು ಮೂವತ್ತೊಂಬತ್ತು. ಹೆಂಡತಿ ಇಟ್ಟಿಗೆಗಳಿಗೆ ಅರಿಸಿನ ಕುಂಕುಮ ಹಚ್ಚಿ ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದಳು. ತೂತಿಗೆ ಒಳಗಿನಿಂದ ಪ್ಲೈವುಡ್ ಹಲಗೆ ಬಡಿದರು. ಎರಡು ದಿನದ ಮೇಲೆ ನಗರಸಭೆಯ ಇನ್‌ಸ್ಪೆಕ್ಟರ್ ಆ ಕಡೆ ಹೋದವನು ತೂತಿನ ಚಿತ್ರ ತೆಗೆದು ಬಾಗಿಲಿಗೆ ಕೆಲಸ ನಿಲ್ಲಿಸಿ ಎಂಬ ಕೆಂಪು ಕಾಗದ ಅಂಟಿಸಿ ಬಂದ.

ಸಭೆ ಮಧ್ಯಾಹ್ನ ಮೂರಕ್ಕೆ. ಐವರು ಸದಸ್ಯರು, ಅಧ್ಯಕ್ಷೆ ನಿವೃತ್ತ ಶಾಲಾ ಶಿಕ್ಷಕಿ. ಗಂಡ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಬ್ಬನೇ ಕುಳಿತಿದ್ದ. ಹೆಂಡತಿ ಅಂಗಡಿಗಳಿಗೆ ಹಿಟ್ಟು ಹಾಕಿ ಬರಬೇಕಿತ್ತು, ಫ್ರೀವೇಯಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಬಿಲ್ಡರನ ವಕೀಲ ತೂತಿನ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. ಅಧ್ಯಕ್ಷೆ ಗಂಡನನ್ನು ಮೈಕಿನ ಮುಂದೆ ಕರೆದು, ಇದು ಹೇಗಾಯಿತು ಎಂದು ಕೇಳಿದರು.

ಅವನು ನನ್ನ ಕಡೆ ನೋಡಲಿಲ್ಲ. ಹಳೆಯ ಗೋಡೆ, ಇಟ್ಟಿಗೆ ಸಡಿಲವಾಗಿತ್ತು, ತಾನಾಗಿಯೇ ಬಿತ್ತು ಎಂದ, ಇಂಗ್ಲಿಷಿನಲ್ಲಿ, ಮೆಲ್ಲಗೆ. ಸದಸ್ಯರಲ್ಲಿ ಒಬ್ಬ ಇಂಜಿನಿಯರ್ ಇದ್ದ. ಅವನು ಕನ್ನಡಕ ತೆಗೆದು ಮತ್ತೆ ಕೇಳಿದ: ತಾನಾಗಿಯೇ? ತಾನಾಗಿಯೇ, ಎಂದ ಗಂಡ. ವಕೀಲ ಕುಳಿತಲ್ಲಿಂದಲೇ ಅವನಿಗೆ ಧನ್ಯವಾದ ಹೇಳಿದ.

ನಾನು ಟೈಪು ಮಾಡಿದೆ. ಅನುಮತಿಯಿಲ್ಲದೆ ಒಡೆದೆ ಎಂದರೆ ಶೆಡ್ಡು ಕೈಬಿಟ್ಟುಹೋಗುತ್ತದೆ ಎಂದು ಹೆದರಿದ್ದಾನೆ ಎಂಬುದು ಸ್ಪಷ್ಟವಿತ್ತು. ಆದರೆ ಇಟ್ಟಿಗೆ ತಾನಾಗಿ ಬೀಳುವ ಗೋಡೆಯನ್ನು ಯಾವ ಸಮಿತಿಯೂ ಉಳಿಸುವುದಿಲ್ಲ. ಕೆಡವಬೇಕೆಂದು ಬಂದಿದ್ದ ವಕೀಲ ಹೇಳಬೇಕಾಗಿದ್ದ ಮಾತನ್ನು ಉಳಿಸಬೇಕೆಂದು ಬಂದವನೇ ಹೇಳಿ ಮುಗಿಸಿದ್ದ. ಅವನಿಗೆ ಅದು ಗೊತ್ತಾಗಿರಲಿಲ್ಲ. ಅಧ್ಯಕ್ಷೆ ಹತ್ತು ನಿಮಿಷದ ವಿರಾಮ ಕೊಟ್ಟರು. ಗಂಡ ಮಾಲೀಕನ ಜೊತೆ ಮಾತನಾಡಲು ಹೊರಗೆ ಹೋದ.

ಕಾರಿಡಾರಿನಲ್ಲಿ ನೀರು ಕುಡಿಯುತ್ತಿದ್ದಾಗ ಹೆಂಡತಿ ಓಡಿ ಬಂದಳು. ಅವಳ ತೋಳಿನ ಮೇಲೆ ಇನ್ನೂ ಹಿಟ್ಟು ಒಣಗಿತ್ತು.

“ಅಕ್ಕ, ಮುಗೀತಾ? ಇವರು ಎಂತ ಹೇಳಿದ್ರು?”

ಸಾರ್ವಜನಿಕ ಸಭೆಯಲ್ಲಿ ಆಡಿದ ಮಾತನ್ನು ಯಾರು ಕೇಳಿದರೂ ಓದಿ ಹೇಳಬೇಕಾದ್ದು ನಮ್ಮ ನಿಯಮ. ನಾನು ಅವಳನ್ನು ಮೇಜಿನ ಹತ್ತಿರ ಕರೆದೊಯ್ದು ಪರದೆಯ ಮೇಲಿದ್ದ ನಾಲ್ಕು ಸಾಲುಗಳನ್ನು ಓದಿದೆ. ಒಂದು ಪದ ಸೇರಿಸಲಿಲ್ಲ. ವಿಚಾರಣೆ ಮುಗಿಯಿತು ಎಂದು ಅಧ್ಯಕ್ಷೆ ಹೇಳುವವರೆಗೆ ಅರ್ಜಿದಾರರು ತಮ್ಮ ಹೇಳಿಕೆಯನ್ನು ತಿದ್ದಬಹುದು ಎಂಬ ನಿಯಮವನ್ನೂ ಹೇಳಿದೆ. ಅದು ಅಜೆಂಡಾದ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ಯಾರೂ ಓದುವುದಿಲ್ಲ.

ಅವಳಿಗೆ ಅರ್ಥವಾಗಲು ಕ್ಷಣವೂ ಬೇಕಾಗಲಿಲ್ಲ. “ತಾನಾಗಿ ಬಿತ್ತಾ? ನನ್ನ ತಮ್ಮನ ಬೆರಳು ಹೋಗ್ಲಿಕ್ಕಿತ್ತು ಮಾರಾಯ್ರೆ,” ಎಂದವಳೇ ಗಂಡನನ್ನು ಹುಡುಕಿಕೊಂಡು ಹೋದಳು.

ಅವರಿಬ್ಬರ ಜಗಳ ಕಾರಿಡಾರಿನಲ್ಲೇ ನಡೆಯಿತು, ತುಳುವಿನಲ್ಲಿ. ನನಗೆ ತುಳು ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತು, ಆಗ ಅದರ ಪರಿವೆ ಇರಲಿಲ್ಲ. ಒಡೆದದ್ದು ಒಪ್ಪಿಕೊಂಡರೆ ಅರ್ಜಿ ಹರಿದು ಹಾಕುತ್ತಾರೆ ಎಂದು ಅವನು. ಬಿತ್ತು ಎಂದರೆ ಗೋಡೆಯನ್ನೇ ಕೆಡವಿ ಹಾಕುತ್ತಾರೆ ಎಂದು ಅವಳು. ಪೂಜೆಗೆ ಇಟ್ಟಿಗೆ ಕಿತ್ತೆವು ಎಂದರೆ ಇವರೆಲ್ಲ ನಗಾಡುತ್ತಾರೆ ಎಂದ ಅವನು.

“ನಗಾಡ್ಲಿ. ನಗಾಡುವವ್ರು ಕಟ್ಟಡ ಕೆಡವುದಿಲ್ಲ,” ಎಂದಳು ಅವಳು.

ಸಭೆ ಮತ್ತೆ ಸೇರಿತು. ಅರ್ಜಿದಾರರಿಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಅಧ್ಯಕ್ಷೆ ಕೇಳಿದರು. ಗಂಡ ತನ್ನ ಮೊಣಕಾಲು ನೋಡುತ್ತ ಕುಳಿತಿದ್ದ. ಅಧ್ಯಕ್ಷೆ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮುಂದಿದ್ದ ಹಾಳೆಯನ್ನು ಮಗುಚಿದರು. ಇನ್ನೊಂದು ವಾಕ್ಯ ಹೇಳಿದರೆ ವಿಚಾರಣೆ ಮುಗಿಯುತ್ತಿತ್ತು. ನನ್ನ ಬೆರಳುಗಳು ಆ ವಾಕ್ಯಕ್ಕೆ ಸಿದ್ಧವಾಗಿದ್ದವು. ಆಗ ಹೆಂಡತಿ ಎದ್ದು ಮೈಕಿನ ಕಡೆ ನಡೆದಳು.

ಅವಳ ಇಂಗ್ಲಿಷು ಗಂಡನಷ್ಟು ನಯವಲ್ಲ, ಆದರೆ ತಡವರಿಸಲಿಲ್ಲ. ಇಟ್ಟಿಗೆ ಬೀಳಲಿಲ್ಲ, ನಾವು ಕಿತ್ತೆವು ಎಂದಳು. ಪೂಜೆ, ಒಳ್ಳೆಯ ಸಮಯ, ಮೂಡಣ ದಿಕ್ಕು, ಮೂರನ್ನೂ ಮೂರು ವಾಕ್ಯಗಳಲ್ಲಿ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅನುಮತಿ ಬೇಕೆಂದು ತಿಳಿದಿರಲಿಲ್ಲ, ತಪ್ಪು ನಮ್ಮದು ಎಂದಳು. ಇಂಜಿನಿಯರ್ ಸದಸ್ಯ ಮುಂದಕ್ಕೆ ಬಾಗಿದ. ಯಾವ ಸಲಕರಣೆ? ಎಷ್ಟು ಹೊತ್ತು? ಅವಳು ಹಿಂದಕ್ಕೆ ತಿರುಗಿ ಗಂಡನನ್ನು ನೋಡಿದಳು. ಅವನು ಏಳಲೇಬೇಕಾಯಿತು.

ಉಳಿ, ಸುತ್ತಿಗೆ, ಕೊನೆಗೆ ಹಾರೆ ಎಂದ. ನಾಲ್ಕಕ್ಕೆ ಅರ್ಧ ಗಂಟೆಯ ಹತ್ತಿರ ಹಿಡಿಯಿತು, ಹೆಂಡತಿಯ ತಮ್ಮನ ಕೈಗೆ ಗಾಯವಾಯಿತು. ಗಾರೆ ಪುಡಿಯಾಗಿ ಉದುರಿತೇ ಎಂದು ಸದಸ್ಯ ಕೇಳಿದ. ಇಲ್ಲ, ಇಟ್ಟಿಗೆಗೆ ಅಂಟಿಕೊಂಡೇ ಬಂತು, ಒಂದು ಇಟ್ಟಿಗೆಯೇ ಮುರಿಯಿತು, ಗಾರೆ ಬಿಡಲಿಲ್ಲ, ನಾಲ್ಕೂ ನಮ್ಮ ಮನೆಯಲ್ಲಿವೆ ಎಂದ. ಮೊದಲು ಬೇರೆ ಹೇಳಿದ್ದೇಕೆ? ಗಂಡ, ನಾಚಿಕೆಯಾಯಿತು ಎಂದ.

ಸುಳ್ಳು ಒಪ್ಪಿಕೊಂಡವನ ಎರಡನೆಯ ಮಾತನ್ನು ಏಕೆ ನಂಬಬೇಕು ಎಂದು ವಕೀಲ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಇಂಜಿನಿಯರ್ ಸದಸ್ಯ, ಇಟ್ಟಿಗೆಗಳು ಇವೆಯಲ್ಲ, ಮಾತಿನ ಬದಲು ಅವನ್ನೇ ಪರೀಕ್ಷಿಸೋಣ ಎಂದ. ಮತ ಹಾಕಿದಾಗ ಮೂವರು ಉಳಿಸುವ ಕಡೆ, ಇಬ್ಬರು ಕೆಡವುವ ಕಡೆ. ಷರತ್ತುಗಳಿದ್ದವು. ನಗರಸಭೆಯ ಇಂಜಿನಿಯರ್ ಇಟ್ಟಿಗೆಗಳನ್ನು ನೋಡಿ ಒಪ್ಪಬೇಕು. ತೂತನ್ನು ಹಳೆಯ ರೀತಿಯ ಗಾರೆಯಲ್ಲೇ ಮುಚ್ಚಬೇಕು. ಮೂಡಣ ಗೋಡೆಯಲ್ಲಿ ಬಾಗಿಲಾಗಲಿ ಕಿಟಕಿಯಾಗಲಿ ಎಂದಿಗೂ ತೆರೆಯುವಂತಿಲ್ಲ. ಕೊನೆಯ ಷರತ್ತು ಓದಿದಾಗ ಗಂಡ ಕಣ್ಣು ಮುಚ್ಚಿಕೊಂಡ.

ಪಾರ್ಕಿಂಗ್ ಜಾಗದಲ್ಲಿ ಅವನು ನನ್ನ ಕಾರಿನ ಹತ್ತಿರ ಬಂದ. ಹೆಂಡತಿ ದೂರದಲ್ಲಿ ಮಾಲೀಕನೊಂದಿಗೆ ಮಾತನಾಡುತ್ತಿದ್ದಳು.

“ನೀವು ಪೂಜೆಗೆ ಬಂದಿದ್ರಿ. ನಾನು ಸುಳ್ಳು ಹೇಳುವಾಗ ಅಲ್ಲೇ ಕೂತು ಟೈಪು ಮಾಡ್ತಾ ಇದ್ರಿ.”

ಹೌದು ಎಂದೆ.

“ಇವಳು ಇನ್ನೂ ಹತ್ತು ನಿಮಿಷ ಲೇಟಾಗಿದ್ರೆ?”

“ಟೈಪು ಮಾಡಿ ಮುಗಿಸ್ತಿದ್ದೆ.”

ಅವನು ತಲೆಯಾಡಿಸಿದ. ತನ್ನ ಕಾರಿನ ಕಡೆ ಹೋಗಿಬಿಟ್ಟ.

ಮರುದಿನ ಬೆಳಿಗ್ಗೆ ಮೇಲಧಿಕಾರಿಗೆ ಎಲ್ಲವನ್ನೂ ಹೇಳಿದೆ: ಪೂಜೆಗೆ ಹೋದದ್ದು, ಕಂಡದ್ದು, ತಿಂಡಿ ತಿಂದದ್ದು, ವಿರಾಮದಲ್ಲಿ ಓದಿ ಹೇಳಿದ್ದು. ಕಡತ ಬಂದ ದಿನವೇ ಹೇಳಬೇಕಿತ್ತು ಎಂದರು. ಅದರಲ್ಲಿ ವಾದಿಸುವುದೇನೂ ಇರಲಿಲ್ಲ. ಆ ದಿನದ ನಡಾವಳಿಯನ್ನು ಬೇರೊಬ್ಬರು ಧ್ವನಿಮುದ್ರಣ ಕೇಳಿ ಹೊಸದಾಗಿ ಬರೆದರು. ನನ್ನನ್ನು ಉದ್ಯಾನಗಳ ಸಮಿತಿಗೆ ಹಾಕಿದರು.

ಇಟ್ಟಿಗೆಗಳು ಪರೀಕ್ಷೆಯಲ್ಲಿ ಪಾಸಾದವು ಎಂದು ಹೆಂಡತಿ ಫೋನು ಮಾಡಿ ತಿಳಿಸಿದಳು. ಆದರೆ ಮಾಲೀಕನಿಗೆ ಶುಕ್ರವಾರದೊಳಗೆ ಉತ್ತರ ಬೇಕಿತ್ತು. ತೆಂಕಣದ ಬಾಗಿಲಿನ ಕಟ್ಟಡ ಬೇಡವೇ ಬೇಡ ಎಂದು ಗಂಡ ಮೂರು ದಿನ ಹಟ ಹಿಡಿದಿದ್ದ. ಶನಿವಾರ ಅವಳು ಮತ್ತೆ ಫೋನು ಮಾಡಿದಳು. ನಿನ್ನೆ ಇಬ್ಬರೂ ಸಹಿ ಹಾಕಿದೆವು, ಜೋಯಿಸರಿಗೆ ವಿಷಯ ತಿಳಿಸುವ ಕೆಲಸ ಮಾತ್ರ ನನ್ನ ತಲೆಗೇ ಬಂತು ಎಂದಳು. ಅವಳ ಹಿಂದೆ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

“ಇವರು ಇನ್ನೂ ಮಾತಾಡುದಿಲ್ಲ ಅಕ್ಕ.”

“ನನ್ನ ಹತ್ರವಾ?”

“ಇಬ್ರ ಹತ್ರವೂ. ಹಿಟ್ಟು ಬೇಕಾದ್ರೆ ಸ್ವಲ್ಪ ದಿನ ನಂಗೇ ಫೋನ್ ಮಾಡಿ, ಆಯ್ತಾ?”